ಅಡ್ವಾನ್ಸ್ ಯಾರು ಕೊಡಬೇಕು?

ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ, ಹೊರಗೆ ನಾಲ್ಕು ಮನೆಯವರು ಸೇರಿ ಬಳಸುವ ಬಚ್ಚಲು. ಹುಬ್ಬಳ್ಳಿಯಲ್ಲಿ ನಾವು ಹುಡುಕುವ ಓಣಿಗಳಲ್ಲಿ ಇಂಥ ಮನೆಗೆ ಈಗ ತಿಂಗಳಿಗೆ ನಾಲ್ಕೈದು ಸಾವಿರ ಬಾಡಿಗೆ ಕೇಳುತ್ತಾರೆ. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ದುಡಿಯುವ ಹತ್ತೊಂಬತ್ತರ ಹುಡುಗ ಇನ್ನೊಬ್ಬನ ಜೊತೆ ಸೇರಿದರೆ ಅಷ್ಟನ್ನು ಕಟ್ಟಬಲ್ಲ. ಕಟ್ಟಲಾಗದೆ ನಿಲ್ಲುವುದು ಅಡ್ವಾನ್ಸ್ ಕೇಳಿದಾಗ. ಮೂವತ್ತು ಸಾವಿರ, ನಲವತ್ತು ಸಾವಿರ, ಅದೂ ಒಂದೇ ಗಂಟಿನಲ್ಲಿ, ಬೀಗದ ಕೈ ಕೊಡುವ ಮೊದಲೇ. ಉಳಿದ ಹುಡುಗರಿಗೆ ಅಪ್ಪ ಕೊಡುತ್ತಾನೆ, ಇಲ್ಲವೇ ಸೋದರಮಾವನ ಹತ್ತಿರ ಕೈಗಡ ಸಿಗುತ್ತದೆ, ಅದೂ ಇಲ್ಲವೆಂದರೆ ಅವ್ವನ ಬೋರಮಾಳ ಗಿರವಿಗೆ ಹೋಗುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿ, ಬಸ್‌ಸ್ಟ್ಯಾಂಡಿನಲ್ಲಿ ಉಂಡು, ಆಮೇಲೆ ಬಾಲಮಂದಿರದಲ್ಲಿ ಬೆಳೆದು, ಹದಿನೆಂಟು ತುಂಬಿತೆಂದು ಹೊರಬಂದವನಿಗೆ ಅದನ್ನು ಯಾರು ಕೊಡಬೇಕು?

ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಹುಬ್ಬಳ್ಳಿಯ ಶಾಖೆಯೊಂದರಲ್ಲಿ ನನ್ನ ನೌಕರಿಯ ಕೊನೆಯ ವರ್ಷಗಳವು. ಒಬ್ಬ ಹುಡುಗ ಪಾಸ್‌ಬುಕ್ ಹಿಡಿದು ಬಂದ. ಖಾತೆಯಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಇತ್ತು. ಬಾಲಮಂದಿರದಲ್ಲಿದ್ದಾಗ ಅಧೀಕ್ಷಕರು ಅವನ ಪರವಾಗಿ ತೆರೆದ ಮೈನರ್ ಖಾತೆ. ಖಾತೆದಾರನಿಗೆ ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಹೊಸ ಫೋಟೊ ತೆಗೆದುಕೊಂಡು, ಕೆವೈಸಿ ಮಾಡಿಸುವವರೆಗೆ ದುಡ್ಡು ತೆಗೆಯಲು ಬರುವುದಿಲ್ಲ. ಸಹಿ ಮಾಡುತ್ತಿದ್ದ ಅಧೀಕ್ಷಕರು ಬೇರೆ ಜಿಲ್ಲೆಗೆ ವರ್ಗವಾಗಿದ್ದರು. ಆಧಾರ್ ಕಾರ್ಡಿನಲ್ಲಿ ಬಾಲಮಂದಿರದ ವಿಳಾಸವಿತ್ತು.

“ಈಗ ಎಲ್ಲಿರ್ತೀಯಪಾ?” ಎಂದು ಕೇಳಿದೆ.

“ಇಲ್ಲೇ, ಸ್ಟೇಷನ್‌ದಾಗ ರೀ ಮೇಡಂ.”

ಅಷ್ಟು ಹೇಳಿ ಅವನು ಕೌಂಟರಿನ ಮೇಲಿದ್ದ ಪೆನ್ನಿನ ದಾರವನ್ನು ಸುತ್ತುತ್ತ ನಿಂತ. ಕಾಲೇಜಿನ ಹುಡುಗರಂತೆಯೇ ಕೂದಲು ಕತ್ತರಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸ್ಟೇಷನ್ನಿನಲ್ಲಿ ಮಲಗುವವನೆಂದು ನೋಡಿದವರು ಹೇಳುವಂತಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಆಧಾರ್‌ನಲ್ಲಿರುವ ವಿಳಾಸ ಬೇರೆ, ಈಗ ಇರುವ ಜಾಗ ಬೇರೆ ಎಂದಾದರೆ ಗ್ರಾಹಕ ತಾನೇ ಬರೆದುಕೊಡುವ ಘೋಷಣೆಯನ್ನು ಒಪ್ಪಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಯಾವ ದಾಖಲೆಯೂ ಇಲ್ಲದವನಿಗೂ ‘ಸಣ್ಣ ಖಾತೆ’ ತೆರೆಯಬಹುದು. ಒಂದು ಫೋಟೊ, ಅಧಿಕಾರಿಯ ಎದುರಿಗೆ ಒಂದು ಸಹಿ ಇದ್ದರೆ ಆಯಿತು. ಅದರಲ್ಲಿ 50,000 ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. 12 ತಿಂಗಳು ನಡೆಯುತ್ತದೆ. ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೂ 12 ತಿಂಗಳು ಸಿಗುತ್ತದೆ. ನಿಯಮ ಇಷ್ಟು ಉದಾರವಾಗಿದ್ದರೂ ಕೌಂಟರಿನಲ್ಲಿ “ಅಡ್ರೆಸ್ ಪ್ರೂಫ್ ತಗೊಂಡು ಬಾ” ಎಂದು ಕಳಿಸಿಬಿಡುವುದು ಸುಲಭ. ಹಾಗೆ ಕಳಿಸಿದ ಹುಡುಗ ಇನ್ನೊಮ್ಮೆ ಬರುವುದಿಲ್ಲ. ಎರಡು ವರ್ಷ ವ್ಯವಹಾರ ನಡೆಯದಿದ್ದರೆ ಆ ಖಾತೆ ನಿಷ್ಕ್ರಿಯವಾಗುತ್ತದೆ, ಅವನ ಹನ್ನೊಂದು ಸಾವಿರ ಅಲ್ಲೇ ಕೂರುತ್ತದೆ.

ಆ ಹುಡುಗನ ಖಾತೆ ಸರಿಹೋಯಿತು. ನಿವೃತ್ತಿಯಾದ ಮೇಲೆ ನಾನು, ನನ್ನ ಹಾಗೆಯೇ ಪಿಂಚಣಿ ತೆಗೆದುಕೊಳ್ಳುವ ಐದಾರು ಗೆಳತಿಯರು, ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಸೇರಿ ಇಂಥ ಮಕ್ಕಳ ಜೊತೆ ಓಡಾಡಲು ಶುರುಮಾಡಿದೆವು. ನಮಗೆ ಬೋರ್ಡಿಲ್ಲ, ಕಚೇರಿಯಿಲ್ಲ, ನೋಂದಣಿಯೂ ಇಲ್ಲ. ಇಲ್ಲಿ ಬರೆಯುವ ಸಂಗತಿಗಳನ್ನು ಆಯಾ ಹುಡುಗ ಹುಡುಗಿಯರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ.

ಈ ಮಕ್ಕಳು ಹುಬ್ಬಳ್ಳಿಗೇ ಏಕೆ ಬಂದು ಸೇರುತ್ತಾರೆ ಎಂದರೆ ಇದು ಜಂಕ್ಷನ್. ಬೆಂಗಳೂರಿನ ಕಡೆಯಿಂದ, ಗೋವಾ ಕಡೆಯಿಂದ, ಬೆಳಗಾವಿ ಮೀರಜ್ ಕಡೆಯಿಂದ, ಗದಗ ಮಾರ್ಗವಾಗಿ ವಿಜಯಪುರ ಬಳ್ಳಾರಿ ಕಡೆಯಿಂದ ಗಾಡಿಗಳು ಇಲ್ಲಿ ಕೂಡುತ್ತವೆ. ಅಪ್ಪನ ಕುಡಿತ, ಅವ್ವನ ಸಾವು, ಮಲತಾಯಿ ಮಲತಂದೆಯ ಹೊಡೆತ, ಗೋವಾಕ್ಕೆ ದುಡಿಯಲು ಹೋದ ತಂದೆತಾಯಿಗಳಿಂದ ತಪ್ಪಿಸಿಕೊಂಡದ್ದು, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. 2023ರ ಮಾರ್ಚ್‌ನಲ್ಲಿ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದದ್ದು ಎಂದು ಊರೆಲ್ಲ ಹೆಮ್ಮೆಪಟ್ಟಿತು. ನನಗೂ ಹೆಮ್ಮೆಯಿದೆ. ಆದರೆ ಸ್ಟೇಷನ್ನಿಗೆ ಹೋದಾಗಲೆಲ್ಲ ನನ್ನ ಕಣ್ಣು ಅದರ ಆ ತುದಿಗೆ ಹೋಗುತ್ತದೆ. ಒಂದು ಮಗು ಯಾರ ಕಣ್ಣಿಗೂ ಬೀಳದೆ ಕೂತಿರಲು ಅಲ್ಲಿ ಬೇಕಾದಷ್ಟು ಜಾಗವಿದೆ. ಹಸಿವಾದರೆ ಸಿದ್ಧಾರೂಢ ಮಠದ ದಾಸೋಹವಿದೆ. ನಮ್ಮ ಹುಡುಗರಲ್ಲಿ ಬಹಳ ಮಂದಿ ಆ ಪಂಕ್ತಿಯಲ್ಲಿ ಕೂತು ಉಂಡವರೇ. “ಅಜ್ಜ ಉಣ್ಣಾಕ ಕೊಟ್ಟ” ಎನ್ನುತ್ತಾರೆ, ಸಿದ್ಧಾರೂಢರನ್ನೇ ಕಂಡು ಮಾತಾಡಿಸಿದವರ ಹಾಗೆ.

ಮಕ್ಕಳ ಮಟ್ಟಿಗೆ ವ್ಯವಸ್ಥೆ ಇದ್ದೇ ಇದೆ. ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ರೈಲ್ವೆ ಪೊಲೀಸರಿಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿ ಮನೆಯವರನ್ನು ಹುಡುಕಿಸುತ್ತದೆ, ಸಿಗದಿದ್ದರೆ ಬಾಲಮಂದಿರಕ್ಕೋ ಸಂಸ್ಥೆಗೋ ಕಳಿಸುತ್ತದೆ. ಅಲ್ಲಿ ಹಾಸಿಗೆ, ಊಟ, ಸಾಲೆ, ಕಾಯಿಲೆಯಾದರೆ ಆಸ್ಪತ್ರೆ ಸಿಗುತ್ತವೆ. ನಾನು ನೋಡಿದ ಗೃಹಮಾತೆಯರಲ್ಲಿ ಮಕ್ಕಳಿಗಾಗಿ ಜೀವ ತೇಯ್ದವರಿದ್ದಾರೆ.

ಹದಿನೆಂಟರ ಗೆರೆ ಬರುವುದು ಆಮೇಲೆ. ಆ ಗೆರೆಯೇ ಎಷ್ಟೋ ಮಕ್ಕಳ ಪಾಲಿಗೆ ಅಂದಾಜಿನದು ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಜನನ ಪ್ರಮಾಣಪತ್ರವಿಲ್ಲ, ಸಾಲೆಯ ದಾಖಲೆಯಿಲ್ಲ ಎಂದಾಗ ವೈದ್ಯರು ಎಲುಬಿನ ಪರೀಕ್ಷೆ ಮಾಡಿ ವಯಸ್ಸು ಹೇಳುತ್ತಾರೆ. ಸಮಿತಿ ಬರೆದುಕೊಂಡ ವಯಸ್ಸೇ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನಿಜವಾದ ವಯಸ್ಸು. ನಮ್ಮಲ್ಲಿ ಜೂನ್ 1ಕ್ಕೆ ಹುಟ್ಟಿದವರು, ಜನವರಿ 1ಕ್ಕೆ ಹುಟ್ಟಿದವರು ಬಹಳ. ಆ ತಾರೀಖಿಗೆ ಅವರು ಹುಟ್ಟಿದ್ದು ಕಾಗದದ ಮೇಲೆ ಮಾತ್ರ. ಆದರೆ ಅದೇ ತಾರೀಖಿಗೆ ಹಾಸಿಗೆ ಬಿಡಬೇಕಾಗುತ್ತದೆ. ಕೆಲವೊಮ್ಮೆ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳುವ ಉದಾರಿಗಳೂ ಸಿಗುತ್ತಾರೆ.

ಕಾಯ್ದೆ ಹದಿನೆಂಟಕ್ಕೆ ಕೈ ತೊಳೆದುಕೊಂಡಿದೆ ಎಂದು ನಾನು ಹೇಳುವುದಿಲ್ಲ. ಅದರಲ್ಲೇ ಅನುಪಾಲನೆಯ, ಅಂದರೆ ಸಂಸ್ಥೆಯಿಂದ ಹೊರಬಂದ ಮೇಲಿನ ನೆರವಿನ ಮಾತಿದೆ. 21 ತುಂಬುವವರೆಗೆ ನೆರವು ಕೊಡಬಹುದು, ವಿಶೇಷ ಸಂದರ್ಭದಲ್ಲಿ 23ರವರೆಗೆ ಮುಂದುವರಿಸಬಹುದು. 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಜನ ಒಟ್ಟಿಗೆ ಇರುವ ಗುಂಪುಮನೆಯ ಕಲ್ಪನೆಯಿದೆ, ತರಬೇತಿ ಕಾಲದ ಭತ್ಯೆಯಿದೆ. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರ ಸರಕಾರದ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿದೆ. ಆದರೆ ಇದು ಕೊಡಲೇಬೇಕಾದ ಹಕ್ಕಾಗಿ ಕಾಯ್ದೆಯಲ್ಲಿ ಬಂದಿಲ್ಲ. ಅರ್ಜಿ ಹಾಕಬೇಕು, ಸಮಿತಿಯ ಆದೇಶ ಆಗಬೇಕು, ಅನುದಾನ ಇರಬೇಕು. ನಮ್ಮ ಮಕ್ಕಳಲ್ಲಿ ಕೆಲವರಿಗೆ ಆ ಹಣ ಬಂತು. ಕೆಲವರಿಗೆ ಇಂಥದೊಂದು ಇದೆಯೆಂದು ಗೊತ್ತಾಗುವ ಹೊತ್ತಿಗೆ ವಯಸ್ಸು ದಾಟಿತ್ತು. ಹದಿನೇಳು ತುಂಬಿದ ದಿನವೇ ಅರ್ಜಿ ಬರೆಸಲು ಕೂರಬೇಕು ಎಂದು ಈಗ ನಮ್ಮ ಮೇಷ್ಟ್ರು ಹಟ ಹಿಡಿದಿದ್ದಾರೆ. ಅವರು ಹೇಳುವುದೇ ಸರಿ.

ಈ ನಡುವೆ ಮಲಗಲು ಎಲ್ಲಿಗೆ ಹೋಗಬೇಕು? ಮಕ್ಕಳ ತೆರೆದ ತಂಗುದಾಣಕ್ಕೆ ಹದಿನೆಂಟರೊಳಗಿನವರಿಗಷ್ಟೇ ಪ್ರವೇಶ. ದೊಡ್ಡವರ ರಾತ್ರಿ ವಸತಿಗೃಹ ಬೇರೆ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ತಂಗುವಷ್ಟು ಕಾಯಂ ವ್ಯವಸ್ಥೆ ಇರಬೇಕು ಎಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟಿದ್ದ ಅಳತೆ. ನಮ್ಮ ಅವಳಿನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 9 ಲಕ್ಷ ದಾಟಿತ್ತು. ಎಷ್ಟು ಹಾಸಿಗೆ ಬೇಕೆಂದು ನೀವೇ ಲೆಕ್ಕ ಹಾಕಿ. ಹಾಸಿಗೆ ಸಿಕ್ಕರೂ, ನಿನ್ನೆಯವರೆಗೆ ವಾರಿಗೆಯ ಹುಡುಗರ ನಡುವೆ ಮಲಗಿದ್ದವನು ಇವತ್ತು ಐವತ್ತರ ಆಸುಪಾಸಿನ, ದಣಿದ, ಕೆಲವೊಮ್ಮೆ ಕುಡಿದ ಗಂಡಸರ ಮಧ್ಯೆ ಮಲಗಬೇಕು. ಹುಡುಗರು ಸ್ಟೇಷನ್ನೇ ವಾಸಿ ಎನ್ನುತ್ತಾರೆ. ಅಲ್ಲಿಯ ಮೂಲೆ ಮೂಲೆ ಗೊತ್ತು, ಚಹಾ ಮಾರುವವನ ಪರಿಚಯವಿದೆ.

ಅದಕ್ಕೇ ನಾವು ಅಡ್ವಾನ್ಸಿನಿಂದ ಶುರುಮಾಡಿದ್ದು. ಎಲ್ಲರೂ ಪಿಂಚಣಿಯಲ್ಲಿ ಒಂದಿಷ್ಟು ಹಾಕಿ ಒಂದು ಗಂಟು ಮಾಡಿದೆವು. ಬಾಡಿಗೆ ಕರಾರು ಹುಡುಗನ ಹೆಸರಿನಲ್ಲೇ ಆಗುತ್ತದೆ. ಅಡ್ವಾನ್ಸ್ ನಾವು ಕೊಡುತ್ತೇವೆ. ಮನೆ ಬಿಟ್ಟಾಗ ಮಾಲಕರು ನಮಗೆ ವಾಪಸು ಕೊಡುತ್ತಾರೆ, ಸುಣ್ಣಬಣ್ಣಕ್ಕೆಂದು ಮುರಿದುಕೊಂಡರೆ ಅದು ನಮ್ಮ ಪಾಲು. ಬಂದ ಹಣ ಇನ್ನೊಬ್ಬರ ಮನೆಗೆ ಹೋಗುತ್ತದೆ. ಒಂದು ವರ್ಷ ಕಳೆದ ಮೇಲೆ ಮನಸ್ಸಿದ್ದವರು ತಿಂಗಳಿಗೆ ಐನೂರರಂತೆ ತುಂಬುತ್ತ ಹೋಗಬಹುದು. ಪೂರ್ತಿ ತುಂಬಿದರೆ ಆ ಅಡ್ವಾನ್ಸ್ ಅವರದೇ. ಬಡ್ಡಿಯಿಲ್ಲ. ಜೀವನವಿಡೀ ಸಾಲದ ಅರ್ಜಿಗಳನ್ನು ನೋಡಿದವಳಾಗಿ ಹೇಳುತ್ತೇನೆ, ನನ್ನ ಮೇಜಿನ ಮೇಲೆ ಬಂದ ದೊಡ್ಡ ದೊಡ್ಡ ಅರ್ಜಿಗಳಲ್ಲಿ ಎಷ್ಟೋ ಮುಳುಗಿದವು. ಈ ಐನೂರುಗಳು ತಡವಾಗಿ ಬಂದರೂ ಬರುತ್ತವೆ.

ಹಣ ಹೊಂದಿಸಿದ ಮೇಲೂ ಮನೆ ಸಿಗುವುದು ಸುಲಭವಲ್ಲ. ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳಿಗಾಗಿ ಹಳೇ ಹುಬ್ಬಳ್ಳಿಯಲ್ಲಿ ಮನೆ ನೋಡಲು ಹೋಗಿದ್ದೆ. ಮಾಲಕರ ಮನೆಯಾಕೆ ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು.

“ನಿಮ್ಮ ಮಂದಿ ಎಲ್ಲಿರ್ತಾರವಾ?”

“ಯಾರೂ ಇಲ್ರಿ.”

“ಅಲ್ಲಾ, ಊರರೆ ಯಾವುದು?”

“ಗೊತ್ತಿಲ್ರಿ.”

“ಯಾ ಜನಾ ಅನ್ನೂದರ ಗೊತ್ತೈತಿಲ್ಲೋ?”

“ಅದೂ ಗೊತ್ತಿಲ್ರಿ ಅಕ್ಕಾರ.”

ಆ ಹುಡುಗಿ ಮೂರು ಪ್ರಶ್ನೆಗೂ ನಿಜ ಹೇಳಿದಳು. ನಾಲ್ಕು ವರ್ಷದವಳಿದ್ದಾಗ ಗಾಡಿಯೊಂದರಲ್ಲಿ ಸಿಕ್ಕವಳು. ಮನೆ ಸಿಗಲಿಲ್ಲ. ಹೊರಗೆ ಬಂದ ಮೇಲೆ, ಏನಾದರೂ ಒಂದು ಊರು, ಒಂದು ಜಾತಿ ಹೇಳಿಬಿಡಬಹುದಿತ್ತಲ್ಲ ಎಂದು ಜೊತೆಗೆ ಬಂದಿದ್ದ ಗೆಳತಿ ಅಂದಳು. ಹುಡುಗಿ ಒಪ್ಪಲಿಲ್ಲ. “ಆಮ್ಯಾಲ ದಿನಾ ಅದನ್ನ ನೆನಪಿಟ್ಟು ಮಾತಾಡಬೇಕಲ್ರಿ” ಎಂದಳು. ಸುಳ್ಳು ಹೇಳಿ ಮನೆ ಹಿಡಿದು, ಆ ಸುಳ್ಳಿನೊಳಗೇ ಬದುಕುವುದು ಅವಳಿಗೆ ಬೇಡವಾಗಿತ್ತು. ಆ ಹಟಕ್ಕೆ ನಾನು ತಲೆಬಾಗುತ್ತೇನೆ. ಕೊನೆಗೆ ಮನೆ ಸಿಕ್ಕಿದ್ದು ನವನಗರದ ಕಡೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದ ಹಿರಿಯ ಹೆಣ್ಣುಮಗಳ ಮನೆಯ ಮಹಡಿಯಲ್ಲಿ. ಅವರು ಕೇಳಿದ್ದು ಒಂದೇ: ರಾತ್ರಿ ಪಾಳಿ ಇದ್ದಾಗ ಎಷ್ಟು ಹೊತ್ತಿಗೆ ಬರುತ್ತೀ, ಗೇಟಿನ ಬೀಗ ತೆರೆದಿಡಬೇಕೇ?

ಮನೆ ಸಿಕ್ಕ ಮೇಲಿನ ಸಂಗತಿ ಇನ್ನೊಂದು. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಬಂದಿದ್ದ ಹುಡುಗನಿಗೆ ಒಂದು ಕೋಣೆ ಕೊಡಿಸಿದಾಗ ಎಲ್ಲ ಸರಿಯಾಯಿತೆಂದು ನಮಗೆ ಸಮಾಧಾನ. ವಾರ ಕಳೆಯುವುದರೊಳಗೆ ಅವನು ಕೋಣೆಗೆ ಬೀಗ ಹಾಕಿ ಮತ್ತೆ ಸ್ಟೇಷನ್ನಿನಲ್ಲಿ ಮಲಗುತ್ತಿದ್ದ. ಕೇಳಿದರೆ, “ನಿದ್ದಿ ಹತ್ತವಲ್ದ್ರಿ ಆಂಟಿ, ಭಾಳ ಶಾಂತ ಐತಿ” ಎಂದ. ಎಂಟು ವರ್ಷದಿಂದ ಅವನು ಒಬ್ಬನೇ ಮಲಗಿದವನಲ್ಲ. ಮೊದಲು ಪ್ಲಾಟ್‌ಫಾರ್ಮಿನಲ್ಲಿ ಗಾಡಿಗಳ ಸದ್ದು, ಆಮೇಲೆ ಬಾಲಮಂದಿರದ ಹಾಲ್‌ನಲ್ಲಿ ಸಾಲಾಗಿ ಮಲಗಿದ ಹುಡುಗರ ಉಸಿರು, ಗೊರಕೆ, ಕನವರಿಕೆ. ಬಾಗಿಲು ಮುಚ್ಚಿದರೆ ಏನೂ ಕೇಳಿಸದ ಕೋಣೆ ಅವನಿಗೆ ಹೆದರಿಕೆ ಹುಟ್ಟಿಸಿತು. ನಿಯಮದಲ್ಲಿ ಆರೆಂಟು ಜನರ ಗುಂಪುಮನೆ ಎಂದು ಬರೆದವರು ಇದನ್ನು ಬಲ್ಲವರೇ ಇರಬೇಕು. ಈಗ ನಾವು ಯಾರನ್ನೂ ಒಬ್ಬರೇ ಇರಿಸುವುದಿಲ್ಲ. ಅವನು ಉಣಕಲ್ಲಿನಲ್ಲಿ ಇನ್ನಿಬ್ಬರ ಜೊತೆ ಇದ್ದಾನೆ. ಫೋನಿನಲ್ಲಿ ಏನಾದರೂ ಹಚ್ಚಿಟ್ಟುಕೊಂಡೇ ಮಲಗುತ್ತಾನೆ. ಉಳಿದಿಬ್ಬರಿಗೂ ಅದಿಲ್ಲದೆ ನಿದ್ದೆ ಬರುವುದಿಲ್ಲ.

ಅಡುಗೆ ಬರುವುದಿಲ್ಲ ಎಂಬುದನ್ನು ಜನ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಅಕ್ಕಿ ಎಷ್ಟು ಕೇಳಬೇಕೆಂದೇ ಗೊತ್ತಿಲ್ಲ ಎಂಬುದು ಅರ್ಥವಾಗುವುದಿಲ್ಲ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವರು ಇವರು. ಗ್ಯಾಸ್ ಹಚ್ಚುವುದನ್ನು, ಜೋಳದ ಹಿಟ್ಟು ಗಿರಣಿಯಿಂದ ತರುವುದನ್ನು, ಜ್ವರ ಬಂದರೆ ಎಷ್ಟು ದಿನ ನೋಡಿ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕು. ಇದಕ್ಕೆ ತರಬೇತಿ ಶಿಬಿರ ಮಾಡುವವರಿದ್ದಾರೆ. ನನ್ನ ಅನುಭವದಲ್ಲಿ ಇಡೀ ಶಿಬಿರಕ್ಕಿಂತ ರಾತ್ರಿ ಎಂಟಕ್ಕೆ “ಆಂಟಿ, ಬ್ಯಾಳಿ ಎಷ್ಟ್ ಸೀಟಿ ಕೂಗಿಸಬೇಕ್ರಿ?” ಎಂದು ಕರೆ ಮಾಡಲು ಒಂದು ನಂಬರ್ ಇರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಈ ಹುಡುಗರ ಮೇಲೆ ದೂರು ಬಹಳ. ಮೊದಲ ಸಂಬಳದಲ್ಲಿ ಒಬ್ಬ ಗೆಳೆಯರನ್ನೆಲ್ಲ ಸಾವಜಿ ಖಾನಾವಳಿಗೆ ಕರೆದುಕೊಂಡು ಹೋಗಿ ಉಣಿಸಿ, ಒಂದು ಜೊತೆ ಬೂಟು ಕೊಂಡು, ಹತ್ತನೇ ತಾರೀಖಿಗೆ ಕೈ ಖಾಲಿ ಮಾಡಿಕೊಂಡು ಕೂತ. ಕೆಲಸ ಕೊಟ್ಟವರು “ಇವರಿಗೆ ರೊಕ್ಕದ ಬೆಲೆ ಗೊತ್ತಿಲ್ಲ” ಎಂದರು. ನಾನು ಒಪ್ಪುವುದಿಲ್ಲ. ಸ್ಟೇಷನ್ನಿನಲ್ಲಿ ಇವತ್ತು ಸಿಕ್ಕದ್ದನ್ನು ಇವತ್ತೇ ಉಣ್ಣಬೇಕು, ಉಳಿಸಿಟ್ಟರೆ ರಾತ್ರಿ ಯಾರೋ ಕಿತ್ತುಕೊಳ್ಳುತ್ತಾರೆ. ಹಂಚಿ ಉಂಡರೆ ನಾಳೆ ನಿನಗೆ ಏನೂ ಸಿಗದಿದ್ದಾಗ ಇನ್ನೊಬ್ಬ ಕೊಡುತ್ತಾನೆ. ಅಲ್ಲಿ ಅದೇ ಉಳಿತಾಯ. ಆ ಲೆಕ್ಕವೇ ಅವನನ್ನು ಬದುಕಿಸಿ ಇಲ್ಲಿಯವರೆಗೆ ತಂದಿದೆ. ಬ್ಯಾಂಕಿನಲ್ಲಿಟ್ಟರೆ ಯಾರೂ ಕಿತ್ತುಕೊಳ್ಳುವುದಿಲ್ಲ ಎಂಬ ನಂಬಿಕೆ ಮಾತಿನಿಂದ ಬರುವುದಿಲ್ಲ. ಕೆಲವು ತಿಂಗಳು ಇಟ್ಟು, ಬೇಕಾದಾಗ ಅದು ಅಲ್ಲೇ ಇದ್ದದ್ದನ್ನು ಕಂಡ ಮೇಲೆ ಬರುತ್ತದೆ.

ಅದೇ ಬೂಟಿನ ಹುಡುಗ ಆಮೇಲೆ ಲೇತ್ ಕೆಲಸ ಬಿಟ್ಟ. ಮೇಸ್ತ್ರಿ ಏನೋ ಅಂದ, ಇವನು ಏನೋ ತಿರುಗಿ ಅಂದ. ಮಾರನೆಯ ದಿನದಿಂದ ಫೋನ್ ಬಂದ್. ಬಾಡಿಗೆ ನಿಂತಿತು. ಎರಡು ತಿಂಗಳ ಮೇಲೆ ಇನ್ನೊಬ್ಬ ಹುಡುಗ ಅವನನ್ನು ವಾಸ್ಕೋ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿನಲ್ಲಿ ನೋಡಿ ಕರೆತಂದ. ಅವನಿಗೆ ಇನ್ನೊಮ್ಮೆ ಮನೆ ಕೊಡಬೇಕೇ ಎಂದು ನಮ್ಮೊಳಗೇ ಜಗಳವಾಯಿತು. ಇನ್ನೂ ಒಂದು ಸಲವೂ ಸಿಗದವರು ಇರುವಾಗ ಇವನಿಗೆ ಎರಡನೆಯದೇಕೆ ಎಂದು ಒಬ್ಬ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆಗ ಮೇಷ್ಟ್ರು ತಮ್ಮ ಮಗನ ಮಾತು ತೆಗೆದರು. ಮಗ ಡಿಪ್ಲೊಮಾ ಅರ್ಧಕ್ಕೆ ಬಿಟ್ಟ, ಪುಣೆಯಲ್ಲಿ ಕೆಲಸ ಬಿಟ್ಟು ಬಂದ, ಅಂಗಡಿ ಹಾಕಿ ಮುಚ್ಚಿದ, ಈಗ ಮೂವತ್ತಕ್ಕೆ ಒಂದು ನೆಲೆ ಕಂಡಿದ್ದಾನೆ. ಪ್ರತಿ ಸಲವೂ ಮನೆಗೇ ಬಂದ, ತಾಯಿ ರೊಟ್ಟಿ ಬಡಿದು ಹಾಕಿದಳು. ನನ್ನ ಮಗನಿಗೆ ಅಷ್ಟು ಸಲ ಸಿಕ್ಕದ್ದು ಈ ಹುಡುಗನಿಗೆ ಒಂದೇ ಸಲ ಏಕೆ ಎಂದರು. ಅದಾದ ಮೇಲೆ ನಮ್ಮಲ್ಲಿ ಈ ಚರ್ಚೆ ಬಂದಿಲ್ಲ. ಕೆಲಸ ಬಿಟ್ಟವನಿಗೂ, ಜಗಳವಾಡಿ ಹೋದವನಿಗೂ, ಫೋನ್ ಎತ್ತದೆ ತಲೆ ತಪ್ಪಿಸಿಕೊಂಡವನಿಗೂ ಮರಳಿ ಬರಲು ಜಾಗವಿರಬೇಕು. ಬೀದಿಯಿಂದ ಮನೆಗೆ ಬರುವವರು ಒಂದೇ ನೆಗೆತಕ್ಕೆ ಬರುವುದಿಲ್ಲ, ಎರಡು ಹೆಜ್ಜೆ ಮುಂದೆ ಇಟ್ಟು ಒಂದು ಹಿಂದೆ ಸರಿಯುತ್ತಾರೆ. ಹಿಂದೆ ಸರಿದ ಹೊತ್ತಿಗೆ ಸರಿಯಾಗಿ ಕಡತದಲ್ಲಿ “ಪುನರ್ವಸತಿ ಆಗಿದೆ” ಎಂದು ಬರೆದು ಮುಚ್ಚಿಟ್ಟಿರುತ್ತಾರೆ. ನನ್ನ ದೊಡ್ಡ ತಕರಾರು ಇದೇ. ನೆರವೆಲ್ಲ ಹೊರಬಂದ ಮೊದಲ ಆರು ತಿಂಗಳಿಗೆ ಸುರಿಯುತ್ತದೆ. ಕೈಗೆ ಆಸರೆ ಬೇಕಾಗುವುದು ಎರಡನೆಯ ವರ್ಷ, ಮೂರನೆಯ ವರ್ಷ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು 23ಕ್ಕೂ ನಿಲ್ಲುವುದಿಲ್ಲ. ನವನಗರದ ಮಹಡಿಯಲ್ಲಿದ್ದ ಹುಡುಗಿ ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಮದುವೆಯಾದಳು. ಮಾವನ ಮನೆಯವರು ಒಪ್ಪಿ ಮಾಡಿಕೊಂಡರು. ಮೊದಲ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ. ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಹೊರಟರು. “ನಿನ್ನ ಕರ್ಯಾಕ ಯಾರ್ ಬರ್ತಾರ?” ಎಂದು ಅತ್ತೆ ಕೇಳಿದ್ದು ಚುಚ್ಚಲಿಕ್ಕಲ್ಲ, ಸಹಜವಾಗಿಯೇ ಕೇಳಿದ್ದರು. ಹುಡುಗಿ ಬಚ್ಚಲಿಗೆ ಹೋಗಿ ನನಗೆ ಫೋನ್ ಮಾಡಿದಳು. ನಾನು ಉಣಕಲ್ಲಿನ ಹುಡುಗನನ್ನು ಕರೆಯಲು ಕಳಿಸಿದೆ. ಅಂಗಿ ಇಸ್ತ್ರಿ ಮಾಡಿಸಿಕೊಂಡು, ಬಾಳೆಹಣ್ಣು ಹಿಡಿದು, ಅವನು ಅಣ್ಣನಾಗಿ ಹೋದ. ಎರಡು ದಿನ ನಮ್ಮ ಮನೆಯಲ್ಲಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ ಕಟ್ಟಿ ಡಬ್ಬಿ ತುಂಬಿ ಕಳಿಸಿದೆ. ಹೊತ್ತುಕೊಂಡು ಹೋದ ಆ ಡಬ್ಬಿಯಿಂದ ಅತ್ತೆಯ ಮನೆಯಲ್ಲಿ ಅವಳ ಜಾಗ ಎಷ್ಟು ಗಟ್ಟಿಯಾಯಿತೆಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಅವಳು ಬಸುರಿ. ಏಳು ತಿಂಗಳಿಗೆ ಕುಬಸ ಆಗಬೇಕು. ಹಸಿರು ಸೀರೆ, ಹಸಿರು ಬಳೆ, ಬುತ್ತಿ ತವರಿನಿಂದ ಹೋಗಬೇಕು. ಚೊಚ್ಚಲ ಬಾಣಂತನ ತವರಿನಲ್ಲೇ. ಯಾವ ಮಾರ್ಗಸೂಚಿಯಲ್ಲೂ ಇದಕ್ಕೆ ಕಲಂ ಇಲ್ಲ, ಇರಲೆಂದು ನಾನು ಕೇಳುವುದೂ ಇಲ್ಲ. ಸರಕಾರ ಬಾಣಂತನ ಮಾಡಲಾರದು. ಅದನ್ನು ನಾವು ಮಾಡಬಹುದು. ನವನಗರದ ಆ ಹಿರಿಯ ಹೆಣ್ಣುಮಗಳು ಈಗಲೇ ತಮ್ಮ ಕೆಳಗಿನ ಕೋಣೆ ತೆರವು ಮಾಡಿಸಿದ್ದಾರೆ. ಎಣ್ಣೆ ನೀರು ಹಾಕಲು ಹಳೆಯ ಪರಿಚಯದವಳನ್ನು ಗೊತ್ತುಮಾಡಿದ್ದಾರೆ. ಅಂಟಿನುಂಡಿ ಯಾರು ಮಾಡಬೇಕೆಂದು ನಮ್ಮಲ್ಲಿ ಪೈಪೋಟಿ ನಡೆದಿದೆ.

ಓದಿದ ಕೆಲವರು ಏನು ಮಾಡಬಹುದೆಂದು ಕೇಳುತ್ತೀರಿ. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಈ ವರ್ಷ ಹದಿನೆಂಟು ತುಂಬುವ ಮಕ್ಕಳಿಗೆ ಅನುಪಾಲನೆಯ ಅರ್ಜಿ ಹೋಗಿದೆಯೇ ಎಂದು ವಿಚಾರಿಸಿ. ಅಲ್ಲಿಯವರು ಮಕ್ಕಳ ಹೆಸರು ಹೇಳುವುದಿಲ್ಲ, ಹೇಳಲೂ ಬಾರದು. ಹೊರಗಿನವರು ಕೇಳುತ್ತಿದ್ದಾರೆ ಎಂದಾದರೆ ಕಡತ ಸರಿಯುತ್ತದೆ. ಮತದಾರರ ಚೀಟಿ ಮಾಡಿಸಲು ಮನೆಯೇ ಇರಬೇಕೆಂದಿಲ್ಲ ಎಂದು ಬೀದಿಯಲ್ಲಿ ಮಲಗುವವರಿಗೆ ತಿಳಿಸಿ. ಫಾರಂ 6 ತುಂಬಿದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಅವರು ಅಲ್ಲೇ ಮಲಗುತ್ತಾರೆಂದು ನೋಡಿ ಹೆಸರು ಸೇರಿಸಬಹುದು. ಆಮೇಲೆ ಬೇರೆ ದಾಖಲೆಗಳಿಗೆ ಆ ಚೀಟಿಯೇ ಆಧಾರವಾಗುತ್ತದೆ. ಬಾಡಿಗೆಗೆ ಮನೆ ಇರುವವರು ಅಡ್ವಾನ್ಸನ್ನು ನಾಲ್ಕೈದು ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪಿದರೂ ದೊಡ್ಡ ಉಪಕಾರ.

ಇನ್ನು ಕಾರ್ಖಾನೆ, ಗ್ಯಾರೇಜ್, ಅಂಗಡಿ ಇರುವವರಿಗೆ ಒಂದು ವಿನಂತಿ. ಒಂದನೇ ತಾರೀಖಿಗೆ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ಸಂಬಳ ಕೈಗೆ ಬರುವುದು ಮುಂದಿನ ತಿಂಗಳ ಏಳಕ್ಕೋ ಹತ್ತಕ್ಕೋ. ಅಷ್ಟು ದಿನ ಅವನು ಏನು ಉಣ್ಣಬೇಕು, ಚಿಗರಿ ಬಸ್ಸಿಗೆ ಏನು ಕೊಡಬೇಕು? ಕೆಲಸ ಬಿಟ್ಟು ಹೋದ ನಮ್ಮ ಹುಡುಗರಲ್ಲಿ ಹೆಚ್ಚಿನವರು ಬಿಟ್ಟದ್ದು ಆ ಮೊದಲ ತಿಂಗಳಲ್ಲೇ, ಹಸಿವು ತಾಳದೆ, ಕೇಳಲು ನಾಚಿಕೆಯಾಗಿ. ಮೊದಲ ಎರಡು ತಿಂಗಳು ಅವನಿಗೆ ಶನಿವಾರಕ್ಕೊಮ್ಮೆ ವಾರದ ಲೆಕ್ಕದಲ್ಲಿ ಸಂಬಳ ಕೊಡಿ. ಗೋಕುಲ ರಸ್ತೆಯಲ್ಲಿ ಒಬ್ಬರು ಹಾಗೆ ಮಾಡುತ್ತಿದ್ದಾರೆ, ಅವರಲ್ಲಿಗೆ ಕಳಿಸಿದ ಹುಡುಗರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ.